ದಿ ಸ್ಟೂಜಸ್: ನೇರ ಪ್ರದರ್ಶನದ ಧ್ವನಿಮುದ್ರಣಗಳು ಮತ್ತು ಅವುಗಳ ವಿನೈಲ್ ಮರುಬಿಡುಗಡೆ

ಅಮೆರಿಕದ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್‌ನಲ್ಲಿ 1967ರಲ್ಲಿ ರೂಪುಗೊಂಡ ರಾಕ್ ತಂಡ ದಿ ಸ್ಟೂಜಸ್. ಪಂಕ್ ಎಂಬ ಹೆಸರು ಜನರ ಬಾಯಲ್ಲಿ ನೆಲೆಗೊಳ್ಳುವ ಮೊದಲೇ ಆ ಸಂಗೀತದ ಗುಣಗಳನ್ನು ತೋರಿದ್ದರಿಂದ ಈ ತಂಡವನ್ನು ಪಂಕ್‌ನ ಪೂರ್ವಜ ಎಂದು ಗುರುತಿಸಲಾಗಿದೆ. 1974ರಲ್ಲಿ ಮುಗಿದ ಮೊದಲ ಅವಧಿಯಲ್ಲಿ ತಂಡ ಹೊರತಂದದ್ದು ಮೂರೇ ಸ್ಟುಡಿಯೊ ಆಲ್ಬಂ. ವೇದಿಕೆಯೇ ಅದರ ನಿಜವಾದ ನೆಲೆಯಾಗಿದ್ದರೂ ಆ ಅವಧಿಯಲ್ಲಿ ಒಂದೂ ಲೈವ್ ಆಲ್ಬಂ ಬಿಡುಗಡೆಯಾಗಲಿಲ್ಲ. ಆ ಅವಧಿಯ ಲೈವ್ ಧ್ವನಿಮುದ್ರಿಕೆಗಳಾಗಿ ಈಗ ಸಿಗುವವೆಲ್ಲ ತಂಡ ಒಡೆದ ಮೇಲೆ ಬೇರೆ ಬೇರೆ ಕಂಪನಿಗಳು ಹಳೆಯ ಟೇಪುಗಳಿಂದ ಸಿದ್ಧಪಡಿಸಿದವು. ಅವುಗಳಲ್ಲಿ ಮೆಟಾಲಿಕ್ ಕೆ.ಒ. (1976) ಮತ್ತು ಲೈವ್ ಅಟ್ ಗೂಸ್ ಲೇಕ್ (2020) ಮುಖ್ಯವಾದವು.

ಹಿನ್ನೆಲೆ

ತಂಡದ ಗಾಯಕ ಇಗ್ಗಿ ಪಾಪ್. ಈತನ ಮೂಲ ಹೆಸರು ಜೇಮ್ಸ್ ನ್ಯೂವೆಲ್ ಆಸ್ಟರ್‌ಬರ್ಗ್. ಹುಟ್ಟಿದ್ದು 1947ರಲ್ಲಿ ಮಸ್ಕೀಗನ್‌ನಲ್ಲಿ, ಬೆಳೆದದ್ದು ಇಪ್ಸಿಲಾಂಟಿಯ ಟ್ರೇಲರ್ ಮನೆಗಳ ಬಡಾವಣೆಯಲ್ಲಿ. ಹದಿಹರೆಯದಲ್ಲಿ ದಿ ಇಗ್ವಾನಾಸ್ ಎಂಬ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ. ಇಗ್ಗಿ ಎಂಬ ಅಡ್ಡಹೆಸರು ಅಲ್ಲಿಂದ ಬಂದದ್ದು. ಸಹೋದರರಾದ ರಾನ್ ಆ್ಯಶ್ಟನ್ (ಗಿಟಾರ್) ಮತ್ತು ಸ್ಕಾಟ್ ಆ್ಯಶ್ಟನ್ (ಡ್ರಮ್) ಹಾಗೂ ಡೇವ್ ಅಲೆಕ್ಸಾಂಡರ್ (ಬೇಸ್ ಗಿಟಾರ್) ಮೊದಲ ತಂಡದ ಉಳಿದ ಮೂವರು. ಆರಂಭದ ದಿನಗಳಲ್ಲಿ ಎಣ್ಣೆಯ ಪೀಪಾಯಿ, ವ್ಯಾಕ್ಯೂಮ್ ಕ್ಲೀನರ್, ಮಿಕ್ಸಿಗಳ ಸದ್ದನ್ನೂ ಇವರು ವೇದಿಕೆಗೆ ತಂದಿದ್ದರು.

1968ರ ಸೆಪ್ಟೆಂಬರಿನಲ್ಲಿ ಎಲೆಕ್ಟ್ರಾ ರೆಕಾರ್ಡ್ ಕಂಪನಿಯ ಡ್ಯಾನಿ ಫೀಲ್ಡ್ಸ್ ಡೆಟ್ರಾಯ್ಟ್ ವಲಯದ ಪ್ರಸಿದ್ಧ ತಂಡ ಎಂಸಿ5 ಅನ್ನು ಕೇಳಲು ಬಂದವನು ಸ್ಟೂಜಸ್ ಜೊತೆಗೂ ಒಪ್ಪಂದ ಮಾಡಿಕೊಂಡ. ಎಂಸಿ5 ತಂಡಕ್ಕೆ 20,000 ಡಾಲರ್, ಸ್ಟೂಜಸ್‌ಗೆ 5,000 ಡಾಲರ್ ಮುಂಗಡ ದೊರೆಯಿತು. ಎಂಸಿ5 ತಂಡದ ಮೊದಲ ಆಲ್ಬಂ ಕಿಕ್ ಔಟ್ ದಿ ಜಾಮ್ಸ್ ಅನ್ನು ಎಲೆಕ್ಟ್ರಾ ಡೆಟ್ರಾಯ್ಟ್‌ನ ಗ್ರ್ಯಾಂಡ್ ಬಾಲ್‌ರೂಮ್‌ನಲ್ಲಿ ಜನರ ಮುಂದೆಯೇ ಮುದ್ರಿಸಿತು. ಸ್ಟೂಜಸ್‌ಗೆ ಆ ಅವಕಾಶ ಬರಲಿಲ್ಲ. ಜಾನ್ ಕೇಲ್ ನಿರ್ಮಿಸಿದ ದಿ ಸ್ಟೂಜಸ್ (1969), ಡಾನ್ ಗಲ್ಲೂಚಿ ನಿರ್ಮಿಸಿದ ಫನ್ ಹೌಸ್ (1970) ಎರಡೂ ಸ್ಟುಡಿಯೊ ಆಲ್ಬಂಗಳು. ಎರಡೂ ಹೆಚ್ಚು ಮಾರಾಟವಾಗಲಿಲ್ಲ. ಎಲೆಕ್ಟ್ರಾ ಕೈಬಿಟ್ಟ ಬಳಿಕ 1971ರಲ್ಲಿ ತಂಡ ಚದುರಿತು. ಮರುವರ್ಷ ಡೇವಿಡ್ ಬೋವಿಯ ವ್ಯವಸ್ಥಾಪಕ ಸಂಸ್ಥೆಯ ಆಶ್ರಯದಲ್ಲಿ ಮತ್ತೆ ಕೂಡಿ, ಕೊಲಂಬಿಯ ಕಂಪನಿಗೆ ರಾ ಪವರ್ (1973) ಮುದ್ರಿಸಿತು. ಈ ಹೊತ್ತಿಗೆ ಗಿಟಾರ್ ಜೇಮ್ಸ್ ವಿಲಿಯಮ್ಸನ್ ಕೈಗೆ ಬಂದು, ರಾನ್ ಆ್ಯಶ್ಟನ್ ಬೇಸ್‌ಗೆ ಸರಿದಿದ್ದ. ಪಿಯಾನೊ ವಾದಕ ಸ್ಕಾಟ್ ಥರ್ಸ್ಟನ್ 1973ರಲ್ಲಿ ಸೇರಿಕೊಂಡ.

ಪ್ರೇಕ್ಷಕರೊಡನೆ ಮುಖಾಮುಖಿ

ರಾಕ್ ಪ್ರದರ್ಶನದಲ್ಲಿ ವೇದಿಕೆಗೂ ಪ್ರೇಕ್ಷಕರಿಗೂ ನಡುವೆ ಇದ್ದ ಗೆರೆಯನ್ನು ಇಗ್ಗಿ ಪಾಪ್ ಒಪ್ಪಲಿಲ್ಲ. ಹಾಡಿನ ನಡುವೆ ಜನರ ಮಧ್ಯಕ್ಕೆ ಜಿಗಿಯುವುದು, ಎದುರು ಕುಳಿತವರನ್ನು ದಿಟ್ಟಿಸಿ ಕೆಣಕುವುದು, ಬೈಗುಳಕ್ಕೆ ಬೈಗುಳದಲ್ಲೇ ಉತ್ತರಿಸುವುದು, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು ಈತನ ಪ್ರದರ್ಶನದ ಭಾಗವೇ ಆಗಿದ್ದವು. 1970ರ ಜೂನ್‌ನಲ್ಲಿ ಸಿನ್ಸಿನಾಟಿಯ ಕ್ರಾಸ್ಲಿ ಫೀಲ್ಡ್ ಕ್ರೀಡಾಂಗಣದಲ್ಲಿ ಜನರ ಕೈಗಳ ಮೇಲೆ ನಿಂತು ಎದೆಗೆ ಕಡಲೆಕಾಯಿ ಬೆಣ್ಣೆ ಬಳಿದುಕೊಂಡ ದೃಶ್ಯ ಟೆಲಿವಿಷನ್‌ನಲ್ಲಿ ಪ್ರಸಾರವಾಯಿತು. 1973ರಲ್ಲಿ ನ್ಯೂಯಾರ್ಕಿನ ಮ್ಯಾಕ್ಸಸ್ ಕ್ಯಾನ್ಸಾಸ್ ಸಿಟಿ ಕ್ಲಬ್‌ನಲ್ಲಿ ಒಡೆದ ಗಾಜು ತಗುಲಿ ಎದೆಯಿಂದ ರಕ್ತ ಸುರಿಯುತ್ತಿದ್ದರೂ ಹಾಡು ಮುಂದುವರಿಸಿದ. ಅದೇ ವರ್ಷ ಅಟ್ಲಾಂಟಾದ ರಿಚರ್ಡ್ಸ್ ಕ್ಲಬ್‌ನಲ್ಲಿ ಎಲ್ಟನ್ ಜಾನ್ ಗೊರಿಲ್ಲಾ ವೇಷದಲ್ಲಿ ವೇದಿಕೆಗೆ ನುಗ್ಗಿದಾಗ ತಮಾಷೆ ತಿಳಿಯದೆ ಇಗ್ಗಿ ಬೆದರಿಹೋದನೆಂಬ ಸಂಗತಿ ಪ್ರಸಿದ್ಧವಾಗಿದೆ.

ಇಂಥ ತಂಡದ ಲೈವ್ ಧ್ವನಿಮುದ್ರಣದಲ್ಲಿ ಹಾಡಿನಷ್ಟೇ ಮುಖ್ಯವಾದದ್ದು ಹಾಡುಗಳ ನಡುವಿನ ಸದ್ದು. ಸಾಮಾನ್ಯ ಲೈವ್ ಆಲ್ಬಂಗಳಲ್ಲಿ ಕಂಪನಿಯವರು ಚಪ್ಪಾಳೆಯನ್ನು ಉಳಿಸಿಕೊಂಡು ತಪ್ಪು ಸ್ವರ, ಕೂಗಾಟಗಳನ್ನು ಸ್ಟುಡಿಯೊದಲ್ಲಿ ತಿದ್ದುವುದು ವಾಡಿಕೆ. ಸ್ಟೂಜಸ್ ಟೇಪುಗಳಲ್ಲಿ ಆ ಕೂಗಾಟವನ್ನು ತೆಗೆದರೆ ನಡೆದ ಘಟನೆಯೇ ಇಲ್ಲವಾಗುತ್ತದೆ.

ಮೆಟಾಲಿಕ್ ಕೆ.ಒ.

ಈ ಆಲ್ಬಂನ ಟೇಪುಗಳು ಡೆಟ್ರಾಯ್ಟ್‌ನ ಮಿಷಿಗನ್ ಪ್ಯಾಲೇಸ್‌ನವು. 1926ರಲ್ಲಿ ಮಿಷಿಗನ್ ಥಿಯೇಟರ್ ಎಂಬ ಭವ್ಯ ಚಿತ್ರಮಂದಿರವಾಗಿ ಆರಂಭವಾದ ಈ ಕಟ್ಟಡ 1970ರ ದಶಕದಲ್ಲಿ ರಾಕ್ ಪ್ರದರ್ಶನಗಳ ತಾಣವಾಗಿ, ಆಮೇಲೆ ಕಾರು ನಿಲ್ದಾಣವಾಗಿ ಮಾರ್ಪಟ್ಟಿತು. ಹೆನ್ರಿ ಫೋರ್ಡ್ ತನ್ನ ಮೊದಲ ವಾಹನವನ್ನು ತಯಾರಿಸಿದ ಜಾಗದಲ್ಲೇ ಇದು ನಿಂತಿದೆ.

1974ರ ಫೆಬ್ರವರಿ ಆರಂಭದಲ್ಲಿ ಮಿಷಿಗನ್‌ನ ವೇಯ್ನ್ ಊರಿನ ಒಂದು ಕ್ಲಬ್‌ನಲ್ಲಿ ಮೋಟಾರ್‌ಸೈಕಲ್ ತಂಡದವರು ಮೊಟ್ಟೆ ಎಸೆದು ಕಾಡಿದಾಗ ಇಗ್ಗಿ ವೇದಿಕೆಯಿಂದಿಳಿದು ಹೋಗಿ ಪೆಟ್ಟು ತಿಂದ. ಆಮೇಲೆ ರೇಡಿಯೊದಲ್ಲಿ ಅವರಿಗೆ ಸವಾಲು ಹಾಕಿ, ಮಿಷಿಗನ್ ಪ್ಯಾಲೇಸ್‌ಗೆ ಬರುವಂತೆ ಕರೆದ. ಫೆಬ್ರವರಿ 9ರ ಆ ಪ್ರದರ್ಶನದಲ್ಲಿ ವೇದಿಕೆಯ ಮೇಲೆ ಮೊಟ್ಟೆ, ಮಂಜುಗಡ್ಡೆ, ನಾಣ್ಯ, ಬಾಟಲಿಗಳು ಬಂದು ಬಿದ್ದವು. ಇಗ್ಗಿ ಒಂದೊಂದನ್ನೂ ಹೆಸರಿಸಿ, ಎಸೆದವರನ್ನು ಮೂದಲಿಸಿ, ಇನ್ನೂ ಎಸೆಯುವಂತೆ ಹುರಿದುಂಬಿಸಿದ. ಕೊನೆಗೆ ಹಾಡಿದ್ದು ಲೂಯಿ ಲೂಯಿ. ರಿಚರ್ಡ್ ಬೆರಿಯ ಈ ಹಾಡನ್ನು 1963ರಲ್ಲಿ ಕಿಂಗ್ಸ್‌ಮೆನ್ ತಂಡ ಹಾಡಿದಾಗ ಅದರ ಮಾತುಗಳು ಅಶ್ಲೀಲವೆಂಬ ದೂರು ಬಂದು ಎಫ್‌ಬಿಐ ತನಿಖೆಯೇ ನಡೆದಿತ್ತು. ಇಗ್ಗಿ ಅಂದು ಹಾಡಿದ ರೂಪ ಯಾವ ಅನುಮಾನಕ್ಕೂ ಎಡೆಯಿಲ್ಲದಷ್ಟು ಅಶ್ಲೀಲವಾಗಿತ್ತು. ಅದರೊಂದಿಗೆ ತಂಡ ಮುಗಿಯಿತು. ಮತ್ತೆ ಒಂದಾದದ್ದು 2003ರಲ್ಲಿ.

ಮೈಕೆಲ್ ಟಿಪ್ಟನ್ ರೀಲ್ ಟೇಪಿನಲ್ಲಿ ಹಿಡಿದ ಈ ಪ್ರದರ್ಶನ ಜೇಮ್ಸ್ ವಿಲಿಯಮ್ಸನ್ ಕೈ ಸೇರಿ, ಅಲ್ಲಿಂದ ಇಂಗ್ಲೆಂಡಿನ ಪತ್ರಕರ್ತ ನಿಕ್ ಕೆಂಟ್ ಮೂಲಕ ಪ್ಯಾರಿಸಿನ ಮಾರ್ಕ್ ಝೆರ್ಮಾಟಿಗೆ ತಲುಪಿತು. ಅಲ್ಜಿಯರ್ಸ್‌ನಲ್ಲಿ ಹುಟ್ಟಿದ ಝೆರ್ಮಾಟಿ (1945–2020) ಪ್ಯಾರಿಸಿನಲ್ಲಿ ಓಪನ್ ಮಾರ್ಕೆಟ್ ಎಂಬ ರೆಕಾರ್ಡ್ ಅಂಗಡಿಯನ್ನೂ ಸ್ಕೈಡಾಗ್ ಎಂಬ ಕಂಪನಿಯನ್ನೂ ನಡೆಸುತ್ತಿದ್ದ. 1976ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಮಾಂಟ್ ದ ಮಾರ್ಸಾನ್ ಊರಿನಲ್ಲಿ ಯುರೋಪಿನ ಮೊದಲ ಪಂಕ್ ಉತ್ಸವವೆಂದು ಹೆಸರಾದ ಕೂಟವನ್ನು ಸಂಘಟಿಸಿದವನೂ ಈತನೇ. ಮರುತಿಂಗಳೇ ಸ್ಕೈಡಾಗ್ ಮೆಟಾಲಿಕ್ ಕೆ.ಒ. ಎಲ್‌ಪಿಯನ್ನು ಹೊರತಂದಿತು. ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ ಎನಿಸಿದ ದಿ ಡ್ಯಾಮ್ಡ್ ತಂಡದ ನ್ಯೂ ರೋಸ್ ಬಂದದ್ದು ಆ ಅಕ್ಟೋಬರ್‌ನಲ್ಲಿ. ಹೀಗೆ ಹೊಸ ತಲೆಮಾರಿನ ಪಂಕ್ ತಂಡಗಳು ತಲೆಯೆತ್ತುವ ಹೊತ್ತಿಗೆ, ಎರಡೂವರೆ ವರ್ಷ ಹಿಂದೆಯೇ ಮುರಿದುಬಿದ್ದ ತಂಡವೊಂದು ಅವರಿಗೆ ಮೇಲ್ಪಂಕ್ತಿಯಾಗಿ ದೊರಕಿತು. ಗಿಟಾರ್ ತಂತಿಗಳಿಗೆ ಬಡಿದು ಬಾಟಲಿ ಒಡೆಯುವ ಸದ್ದು ಕೇಳುವ ಏಕೈಕ ರಾಕ್ ಆಲ್ಬಂ ಎಂದು ಅಮೆರಿಕದ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ಇದನ್ನು ಬಣ್ಣಿಸಿದ.

ಮೊದಲ ಮುದ್ರಣದಲ್ಲಿ ಆರು ಹಾಡುಗಳಿದ್ದು, ಎಲ್ಲವೂ ಕೊನೆಯ ಪ್ರದರ್ಶನದವೇ ಎಂಬ ಭಾವನೆ ಬರುವಂತಿತ್ತು. ವಾಸ್ತವವಾಗಿ ಮೊದಲ ಬದಿಯ ಮೂರು ಹಾಡುಗಳು ಅದೇ ಸಭಾಂಗಣದಲ್ಲಿ 1973ರ ಅಕ್ಟೋಬರ್ 6ರಂದು ನಡೆದ ಪ್ರದರ್ಶನದವು. 1988ರಲ್ಲಿ ಸ್ಕೈಡಾಗ್ ಮೆಟಾಲಿಕ್ 2ಎಕ್ಸ್ ಕೆ.ಒ. ಎಂಬ ಹೆಸರಿನಲ್ಲಿ ಎರಡೂ ದಿನಗಳ ಹೆಚ್ಚಿನ ಹಾಡುಗಳನ್ನು ಸೇರಿಸಿ ಜೋಡಿ ಆಲ್ಬಂ ಮಾಡಿತು. 1998ರಲ್ಲಿ ಲಂಡನ್ನಿನ ಜಂಗಲ್ ರೆಕಾರ್ಡ್ಸ್ ಮತ್ತೊಂದು ವಿಸ್ತೃತ ಆವೃತ್ತಿಯನ್ನು ತಂದಿತು. ಒಂದು ರಾತ್ರಿಯ ಕಥೆಯೆಂದು ಕೇಳುಗರು ನಂಬಿದ್ದುದು ಎರಡು ರಾತ್ರಿಗಳ ಕಥೆಯೆಂದು ಬಿಡಿಸಿಟ್ಟದ್ದು ಇಂಥ ಮರುಬಿಡುಗಡೆಗಳು.

ಸಣ್ಣ ಕಂಪನಿಗಳ ಕಾಲ

ದೊಡ್ಡ ಕಂಪನಿಗಳಿಗೆ ಆಸಕ್ತಿಯಿಲ್ಲದ ಕಾಲದಲ್ಲಿ ಈ ಟೇಪುಗಳನ್ನು ಉಳಿಸಿದವರು ಅಭಿಮಾನಿಗಳು ಮತ್ತು ಸಣ್ಣ ಪ್ರಕಾಶಕರು. ಕ್ಯಾಲಿಫೋರ್ನಿಯಾದಲ್ಲಿ ಗ್ರೆಗ್ ಶಾ ನಡೆಸುತ್ತಿದ್ದ ಬಾಂಪ್ ರೆಕಾರ್ಡ್ಸ್ 1977ರಲ್ಲಿ ಇಗ್ಗಿ ಮತ್ತು ವಿಲಿಯಮ್ಸನ್ ಜೋಡಿಯ ಕಿಲ್ ಸಿಟಿ ಆಲ್ಬಂ ಪ್ರಕಟಿಸಿತು. 1990ರ ದಶಕದಲ್ಲಿ ಇಗ್ವಾನಾ ಕ್ರಾನಿಕಲ್ಸ್ ಎಂಬ ಮಾಲಿಕೆಯನ್ನು ಆರಂಭಿಸಿ ತಾಲೀಮು, ಬಿಟ್ಟುಹೋದ ಸ್ಟುಡಿಯೊ ತುಣುಕು ಮತ್ತು ಲೈವ್ ಟೇಪುಗಳನ್ನು ಒಂದೊಂದಾಗಿ ಹೊರತಂದಿತು. ಕ್ಯಾಲಿಫೋರ್ನಿಯಾ ಬ್ಲೀಡಿಂಗ್ (1997) ಮತ್ತು ಮಿಷಿಗನ್ ಪ್ಯಾಲೇಸ್ 10/6/73 (2000) ಈ ಮಾಲಿಕೆಯ ಲೈವ್ ಆಲ್ಬಂಗಳು. ಎರಡನೆಯದು ಮೆಟಾಲಿಕ್ ಕೆ.ಒ.ದ ಮೊದಲ ಬದಿಗೆ ಮೂಲವಾದ ಪ್ರದರ್ಶನವನ್ನು ಅದರದೇ ಹೆಸರಿನಲ್ಲಿ ನೀಡಿತು.

ಇಂಗ್ಲೆಂಡಿನ ಈಸಿ ಆ್ಯಕ್ಷನ್ ಕಂಪನಿ 2005ರಲ್ಲಿ ಹೆವಿ ಲಿಕ್ವಿಡ್ ಎಂಬ ಪೆಟ್ಟಿಗೆ ಸಂಗ್ರಹವನ್ನೂ, 2009ರಲ್ಲಿ ಯು ಡೋಂಟ್ ವಾಂಟ್ ಮೈ ನೇಮ್... ಯು ವಾಂಟ್ ಮೈ ಆ್ಯಕ್ಷನ್ ಎಂಬ ಇನ್ನೊಂದನ್ನೂ ಪ್ರಕಟಿಸಿತು. 1971ರಲ್ಲಿ ರಾನ್ ಆ್ಯಶ್ಟನ್ ಮತ್ತು ವಿಲಿಯಮ್ಸನ್ ಇಬ್ಬರೂ ಗಿಟಾರ್ ನುಡಿಸುತ್ತಿದ್ದ, ಜಿಮ್ಮಿ ರೆಕ್ಕಾ ಬೇಸ್ ಹಿಡಿದಿದ್ದ ಐವರ ತಂಡದ ಪ್ರದರ್ಶನಗಳು ಎರಡನೆಯದರಲ್ಲಿವೆ. ಆಗ ಅವರು ನುಡಿಸುತ್ತಿದ್ದ ಹೊಸ ಹಾಡುಗಳಲ್ಲಿ ಯಾವುದೂ ಸ್ಟುಡಿಯೊ ಆಲ್ಬಂ ಸೇರಲಿಲ್ಲ. ಪ್ರೇಕ್ಷಕರ ನಡುವೆ ಕುಳಿತವರು ಹಿಡಿದ, ಮಾತುಗಳೂ ಸರಿಯಾಗಿ ಕೇಳಿಸದ ಟೇಪುಗಳೇ ಆ ಹಂತಕ್ಕೆ ಉಳಿದಿರುವ ಆಧಾರ. ಇಲ್ಲಿ ಧ್ವನಿಯ ಗುಣಮಟ್ಟವನ್ನು ಆಕ್ಷೇಪಿಸಿದರೆ ತಂಡದ ಇತಿಹಾಸದ ಒಂದು ವರ್ಷವನ್ನೇ ಬಿಟ್ಟುಕೊಟ್ಟಂತೆ.

ದೊಡ್ಡ ಕಂಪನಿಗಳ ಸಂಗ್ರಹಗಳು

2003ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ತಂಡ ಮತ್ತೆ ವೇದಿಕೆ ಏರಿದ ಮೇಲೆ ಹಳೆಯ ಟೇಪುಗಳಿಗೆ ಬೆಲೆ ಬಂತು. 2010ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದ ತಂಡದ ಹಳೆಯ ಟೇಪುಗಳಿಂದ ಅದೇ ವರ್ಷ ಎರಡು ಪ್ರಮುಖ ಬಿಡುಗಡೆಗಳಾದವು. ಕೊಲಂಬಿಯದ ಒಡೆತನ ಹೊಂದಿದ ಸೋನಿ, ರಾ ಪವರ್‌ನ ಹೊಸ ಆವೃತ್ತಿಯಲ್ಲಿ ಅಟ್ಲಾಂಟಾದ ರಿಚರ್ಡ್ಸ್ ಕ್ಲಬ್‌ನ 1973ರ ಪ್ರದರ್ಶನವನ್ನು ಜಾರ್ಜಿಯಾ ಪೀಚಸ್ ಎಂಬ ಹೆಸರಿನಲ್ಲಿ ಸೇರಿಸಿತು. ರೈನೊ ಹ್ಯಾಂಡ್‌ಮೇಡ್ ಸಂಸ್ಥೆ ನ್ಯೂಯಾರ್ಕಿನ ಉಂಗಾನೋಸ್ ಕ್ಲಬ್‌ನಲ್ಲಿ 1970ರ ಆಗಸ್ಟ್‌ನಲ್ಲಿ ನಡೆದ ಪ್ರದರ್ಶನವನ್ನು ಹ್ಯಾವ್ ಸಮ್ ಫನ್ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಅದನ್ನು ಟೇಪಿಗೆ ಹಿಡಿದವನು ತಂಡವನ್ನು ಎಲೆಕ್ಟ್ರಾಗೆ ಕರೆತಂದಿದ್ದ ಡ್ಯಾನಿ ಫೀಲ್ಡ್ಸ್. 2020ರಲ್ಲಿ ಫನ್ ಹೌಸ್ ಆಲ್ಬಂಗೆ ಐವತ್ತು ತುಂಬಿದಾಗ ರೈನೊ 15 ಎಲ್‌ಪಿಗಳ ಪೆಟ್ಟಿಗೆಯೊಂದನ್ನು ಹೊರತಂದು, ಆಲ್ಬಂನ ಸಂಪೂರ್ಣ ಸ್ಟುಡಿಯೊ ಟೇಪುಗಳ ಜೊತೆಗೆ ಉಂಗಾನೋಸ್ ಪ್ರದರ್ಶನವನ್ನೂ ವಿನೈಲ್‌ನಲ್ಲಿ ಒದಗಿಸಿತು.

ಪುನರ್ಮಿಲನದ ನಂತರದ ಲೈವ್ ಆಲ್ಬಂಗಳ ಸ್ವರೂಪ ಬೇರೆ. ಟೋಕಿಯೊದಲ್ಲಿ 2004ರಲ್ಲಿ ಮುದ್ರಿತವಾದ ಟೆಲ್ಯೂರಿಕ್ ಕೇಯಾಸ್ (ಸ್ಕೈಡಾಗ್, 2005) ಮತ್ತು ನ್ಯೂಯಾರ್ಕ್ ರಾಜ್ಯದ ಮಾಂಟಿಸೆಲ್ಲೊದಲ್ಲಿ 2010ರಲ್ಲಿ ಮುದ್ರಿತವಾದ ರಾ ಪವರ್ ಲೈವ್ (2011) ಇವುಗಳಲ್ಲಿ ಉಲ್ಲೇಖನೀಯ. ಧ್ವನಿ ಸ್ವಚ್ಛ, ವಾದನ ಬಿಗಿ. ಎದುರಿಗಿರುವ ಜನ ಮಾತ್ರ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದ ಅಭಿಮಾನಿಗಳು.

ಗೂಸ್ ಲೇಕ್ ಟೇಪು

1970ರ ಆಗಸ್ಟ್ 7ರಿಂದ 9ರವರೆಗೆ ಮಿಷಿಗನ್‌ನ ಗೂಸ್ ಲೇಕ್‌ನಲ್ಲಿ ನಡೆದ ಸಂಗೀತೋತ್ಸವಕ್ಕೆ ಸುಮಾರು ಎರಡು ಲಕ್ಷ ಜನ ಸೇರಿದ್ದರೆಂದು ಅಂದಾಜು. 8ರಂದು ಸ್ಟೂಜಸ್ ಹಾಡಿತು. ಮೂಲ ತಂಡದ ಕೊನೆಯ ಪ್ರದರ್ಶನ ಅದು. ಬೇಸ್ ವಾದಕ ಡೇವ್ ಅಲೆಕ್ಸಾಂಡರ್‌ನನ್ನು ಆ ಬಳಿಕ ತಂಡದಿಂದ ತೆಗೆಯಲಾಯಿತು. ಅಂದು ಅಮಲಿನಲ್ಲಿದ್ದ ಆತ ಒಂದು ಸ್ವರವನ್ನೂ ನುಡಿಸಲಿಲ್ಲ ಎಂಬ ಮಾತು ನಾಲ್ಕೈದು ದಶಕ ಪುಸ್ತಕಗಳಲ್ಲೂ ಸಂದರ್ಶನಗಳಲ್ಲೂ ಹರಿದಾಡಿತು. ಅಲೆಕ್ಸಾಂಡರ್ 1975ರಲ್ಲೇ ತೀರಿಕೊಂಡಿದ್ದರಿಂದ ಉತ್ತರ ಕೊಡಲು ಆತನೂ ಇರಲಿಲ್ಲ.

ಉತ್ಸವದ ಧ್ವನಿ ವ್ಯವಸ್ಥೆಯಲ್ಲಿದ್ದ ಜಿಮ್ ಕ್ಯಾಸಿಲಿ ಎರಡು ಟ್ರ್ಯಾಕ್‌ನ ಕಾಲು ಇಂಚಿನ ಟೇಪಿನಲ್ಲಿ ಹಿಡಿದಿದ್ದ ಆ ಪ್ರದರ್ಶನ ಮಿಷಿಗನ್‌ನ ಒಂದು ತೋಟದ ಮನೆಯ ನೆಲಮಾಳಿಗೆಯಲ್ಲಿ ಪತ್ತೆಯಾಯಿತು. ಜಾಕ್ ವೈಟ್ ಸ್ಥಾಪಿಸಿದ ಥರ್ಡ್ ಮ್ಯಾನ್ ರೆಕಾರ್ಡ್ಸ್ ಅದನ್ನು ಶುದ್ಧಗೊಳಿಸಿ, ಸರಿಯಾಗಿ ಐವತ್ತು ವರ್ಷಗಳ ಬಳಿಕ 2020ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿತು. ವ್ಯಾನ್ಸ್ ಪವೆಲ್ ಧ್ವನಿಯನ್ನು ಪುನರುಜ್ಜೀವಗೊಳಿಸಿದ; ಬಿಲ್ ಸ್ಕಿಬ್ಬಿ ಮಾಸ್ಟರಿಂಗ್ ಮಾಡಿದ. ಒಂದು ತಿಂಗಳ ಹಿಂದಷ್ಟೇ ಬಿಡುಗಡೆಯಾಗಿದ್ದ ಫನ್ ಹೌಸ್‌ನ ಎಲ್ಲ ಹಾಡುಗಳನ್ನೂ ತಂಡ ಅಂದು ನುಡಿಸಿತ್ತು; ಸ್ಟೀವ್ ಮೆಕೇಯ ಸ್ಯಾಕ್ಸಫೋನ್ ಕೂಡ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅಲೆಕ್ಸಾಂಡರ್‌ನ ಬೇಸ್ ಟೇಪಿನಲ್ಲಿ ಕೇಳಿಸುತ್ತದೆ. ಅಲ್ಲಲ್ಲಿ ತಡವರಿಸಿದರೂ ಆತ ನುಡಿಸಿದ್ದಾನೆ.

ಟೇಪಿನಿಂದ ತಟ್ಟೆಗೆ

ಹಳೆಯ ಲೈವ್ ಟೇಪನ್ನು ವಿನೈಲ್ ತಟ್ಟೆಗೆ ಇಳಿಸುವಲ್ಲಿ ಹಲವು ಹಂತಗಳಿವೆ. ಮೊದಲನೆಯದು ಮೂಲಕ್ಕೆ ಅತಿ ಹತ್ತಿರದ ಪ್ರತಿಯನ್ನು ಹುಡುಕುವುದು. ಟೇಪಿನಿಂದ ಟೇಪಿಗೆ ನಕಲಾದಂತೆಲ್ಲ ಹಿಸ್ ಸದ್ದು ಏರುತ್ತದೆ, ಮೇಲಿನ ಸ್ವರಗಳು ಮಂಕಾಗುತ್ತವೆ. ಎರಡನೆಯದು ವೇಗ. ಮುದ್ರಿಸಿದ ಯಂತ್ರ ತುಸು ನಿಧಾನವಾಗಿ ಓಡಿದ್ದರೆ, ಸರಿಯಾದ ವೇಗದ ಯಂತ್ರದಲ್ಲಿ ನುಡಿಸಿದಾಗ ಹಾಡು ಚುರುಕಾಗಿಯೂ ಶ್ರುತಿ ಏರಿಯೂ ಕೇಳಿಸುತ್ತದೆ. ಗಿಟಾರ್‌ನ ಶ್ರುತಿಯನ್ನು ಆಧಾರವಾಗಿಟ್ಟುಕೊಂಡು ಇದನ್ನು ಸರಿಪಡಿಸುತ್ತಾರೆ. ಅಂಟು ಕರಗಿ ಜಿಗುಟಾದ ಟೇಪುಗಳನ್ನು ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಬಿಸಿಮಾಡಿ, ಆಮೇಲೆ ನುಡಿಸುವುದುಂಟು.

ಸಿದ್ಧವಾದ ಧ್ವನಿಯನ್ನು ಅಲ್ಯೂಮಿನಿಯಂ ತಟ್ಟೆಯ ಮೇಲೆ ಹಚ್ಚಿದ ಮೆತ್ತನೆಯ ಲ್ಯಾಕರ್ ಪದರದಲ್ಲಿ ಸೂಜಿಯಿಂದ ಕೊರೆಯುತ್ತಾರೆ. ಅದಕ್ಕೆ ಬೆಳ್ಳಿಯ ಲೇಪ ಕೊಟ್ಟು, ನಿಕ್ಕಲ್ ಬೆಳೆಸಿ ಅಚ್ಚು ತೆಗೆಯುತ್ತಾರೆ. ಬಿಸಿಯಾದ ವಿನೈಲ್ ಮುದ್ದೆಯನ್ನು ಎರಡು ಅಚ್ಚುಗಳ ನಡುವೆ ಒತ್ತಿದರೆ ತಟ್ಟೆ ಸಿದ್ಧ. 12 ಇಂಚಿನ ಎಲ್‌ಪಿಯ ಒಂದು ಬದಿಯಲ್ಲಿ ಒಳ್ಳೆಯ ಗಟ್ಟಿತನದೊಡನೆ ಹಿಡಿಯುವುದು ಸುಮಾರು 20 ನಿಮಿಷ. ತಟ್ಟೆಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಗೆರೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ವೇಗದಲ್ಲಿ ಹಾದುಹೋದರೆ, ಒಳತುದಿಯಲ್ಲಿ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಬದಿಯ ಕೊನೆಯಲ್ಲಿ ತೀಕ್ಷ್ಣ ಸದ್ದುಗಳು ಸುಲಭವಾಗಿ ಒಡೆಯುತ್ತವೆ. ಸ್ಟೂಜಸ್ ಪ್ರದರ್ಶನಗಳು ಕೊನೆಯಲ್ಲೇ ಅತಿ ಗದ್ದಲದ ಹಾಡಿಗೆ ಏರುವುದರಿಂದ ಕೊರೆಯುವ ತಂತ್ರಜ್ಞನಿಗೆ ಇದು ನಿಜವಾದ ತೊಡಕು. ಗಾಜು ಒಡೆಯುವ ಸದ್ದು, ತಾಳಗಳ ಅಬ್ಬರ, ಮೈಕಿನ ಚೀರಾಟಗಳನ್ನು ಹೆಚ್ಚು ಪಳಗಿಸಿದರೆ ತಟ್ಟೆ ಸರಾಗವಾಗಿ ನುಡಿಯುತ್ತದೆ, ಪ್ರದರ್ಶನದ ಕಾವು ಆರುತ್ತದೆ.

ಕಾನೂನು ಮತ್ತು ಮಾರುಕಟ್ಟೆ

ಅಮೆರಿಕದ ಒಕ್ಕೂಟ ಕಾನೂನು ಧ್ವನಿಮುದ್ರಣಗಳಿಗೆ ಹಕ್ಕುಸ್ವಾಮ್ಯ ನೀಡಿದ್ದು 1972ರ ಫೆಬ್ರವರಿ 15ರಿಂದ. ಅದಕ್ಕೂ ಹಿಂದಿನ ಮುದ್ರಣಗಳು ಆಯಾ ರಾಜ್ಯದ ಕಾನೂನಿಗೆ ಒಳಪಟ್ಟಿದ್ದು, 2018ರ ಕಾಯ್ದೆಯಿಂದಷ್ಟೇ ಒಕ್ಕೂಟದ ರಕ್ಷಣೆಗೆ ಬಂದವು. ಕಲಾವಿದರ ಒಪ್ಪಿಗೆಯಿಲ್ಲದೆ ನೇರ ಪ್ರದರ್ಶನವನ್ನು ಮುದ್ರಿಸಿ ಮಾರುವುದನ್ನು ಅಪರಾಧವೆಂದು ಒಕ್ಕೂಟ ಘೋಷಿಸಿದ್ದು 1994ರಲ್ಲಿ. ಬಾಬ್ ಡಿಲನ್‌ನ ಗ್ರೇಟ್ ವೈಟ್ ವಂಡರ್ (1969) ಬಂದಾಗಿನಿಂದ ಬೂಟ್‌ಲೆಗ್ ಎನ್ನುವ ಅನಧಿಕೃತ ತಟ್ಟೆಗಳ ವ್ಯಾಪಾರ ಈ ಸಡಿಲಿನಲ್ಲೇ ಬೆಳೆಯಿತು. ಮೆಟಾಲಿಕ್ ಕೆ.ಒ. ಪೂರ್ತಿ ಬೂಟ್‌ಲೆಗ್ ಅಲ್ಲ, ಏಕೆಂದರೆ ಟೇಪು ತಂಡದ ಸದಸ್ಯನ ಕೈಯಿಂದಲೇ ಹೋಗಿತ್ತು. ದೊಡ್ಡ ಕಂಪನಿಯ ಒಪ್ಪಂದದಡಿ ಬಂದ ಆಲ್ಬಂ ಕೂಡ ಅಲ್ಲ. ಒಂದೇ ಪ್ರದರ್ಶನ ಬೇರೆ ಬೇರೆ ಕಂಪನಿಗಳಿಂದ ಬೇರೆ ಬೇರೆ ಹೆಸರಿನಲ್ಲಿ ಸಿಗುವುದಕ್ಕೆ ಹಕ್ಕುಗಳ ಈ ಗೋಜಲೂ ಕಾರಣ.

ವಿನೈಲ್ ಮರಳಿ ಜನಪ್ರಿಯವಾದದ್ದು ಇಂಥ ಬಿಡುಗಡೆಗಳಿಗೆ ನೆರವಾಯಿತು. 2008ರಲ್ಲಿ ಆರಂಭವಾದ ರೆಕಾರ್ಡ್ ಸ್ಟೋರ್ ಡೇ ಸೀಮಿತ ಪ್ರತಿಗಳ ತಟ್ಟೆಗಳಿಗೆ ವಾರ್ಷಿಕ ಸಂತೆಯಾಯಿತು. ರಾ ಪವರ್ ಲೈವ್ 2011ರಲ್ಲಿ ಆ ಸಂದರ್ಭಕ್ಕೇ ಎಲ್‌ಪಿಯಾಗಿ ಬಂದಿತು. ಥರ್ಡ್ ಮ್ಯಾನ್ 2017ರಲ್ಲಿ ಡೆಟ್ರಾಯ್ಟ್‌ನಲ್ಲಿ ತಟ್ಟೆ ಒತ್ತುವ ಸ್ವಂತ ಕಾರ್ಖಾನೆ ತೆರೆಯಿತು. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ ಲ್ಯಾಕರ್ ತಟ್ಟೆಗಳಿಗೆ ಜಗತ್ತಿನಾದ್ಯಂತ ಕೊರತೆ ಬಿದ್ದರೂ ಬೇಡಿಕೆ ಕುಗ್ಗಲಿಲ್ಲ. 2022ರಲ್ಲಿ ಅಮೆರಿಕದಲ್ಲಿ 4.1 ಕೋಟಿ ವಿನೈಲ್ ತಟ್ಟೆಗಳೂ 3.3 ಕೋಟಿ ಸಿ.ಡಿ.ಗಳೂ ಮಾರಾಟವಾಗಿ, 1987ರ ಬಳಿಕ ಮೊದಲ ಸಲ ವಿನೈಲ್ ಸಂಖ್ಯೆಯಲ್ಲಿ ಮುಂದಾಯಿತು. ಈ ಭರಾಟೆಯಲ್ಲಿ ಬಣ್ಣದ ತಟ್ಟೆ, ಹೊಸ ಹೊದಿಕೆಗಳ ಹೆಸರಿನಲ್ಲಿ ಅದೇ ಟೇಪನ್ನು ಮತ್ತೆ ಮತ್ತೆ ಮಾರುವ ಪ್ರವೃತ್ತಿಯೂ ಬೆಳೆದಿದೆ.

ಮೌಲ್ಯಮಾಪನ

ರಾನ್ ಆ್ಯಶ್ಟನ್ 2009ರಲ್ಲಿ, ಸ್ಕಾಟ್ ಆ್ಯಶ್ಟನ್ 2014ರಲ್ಲಿ, ಸ್ಟೀವ್ ಮೆಕೇ 2015ರಲ್ಲಿ ತೀರಿಕೊಂಡರು. ಮೂಲ ತಂಡದ ನಾಲ್ವರಲ್ಲಿ ಉಳಿದವನು ಇಗ್ಗಿ ಪಾಪ್ ಒಬ್ಬನೇ. ಸ್ಟೂಜಸ್ ಕುರಿತ ಬರಹಗಳಲ್ಲಿ ದಂತಕಥೆಯ ಪಾಲು ದೊಡ್ಡದು. ಅದನ್ನು ಬೆಳೆಸಿದ್ದೂ ತಿದ್ದಿದ್ದೂ ಈ ತಟ್ಟೆಗಳೇ. ಎರಡು ರಾತ್ರಿಗಳನ್ನು ಒಂದೇ ಎಂಬಂತೆ ಮಾರಿದ ಮೆಟಾಲಿಕ್ ಕೆ.ಒ. ದಂತಕಥೆಗೆ ನೀರೆರೆಯಿತು. ಗೂಸ್ ಲೇಕ್ ಟೇಪು ಸತ್ತವನೊಬ್ಬನ ಮೇಲಿದ್ದ ಆರೋಪವನ್ನು ಅಳಿಸಿತು. ಆದ್ದರಿಂದ ಇಂಥ ಮರುಬಿಡುಗಡೆಯನ್ನು ಅಳೆಯಬೇಕಾದದ್ದು ತಟ್ಟೆಯ ತೂಕ, ಬಣ್ಣ, ಹೊದಿಕೆಗಳಿಂದಲ್ಲ. ಯಾವ ದಿನದ, ಯಾವ ಸ್ಥಳದ, ಯಾರು ಹಿಡಿದ ಟೇಪು, ಅದರಲ್ಲಿ ಏನನ್ನು ಬಿಟ್ಟಿದ್ದಾರೆ, ಏನನ್ನು ತಿದ್ದಿದ್ದಾರೆ ಎಂಬುದನ್ನು ಪ್ರಕಾಶಕರು ಎಷ್ಟು ಪ್ರಾಮಾಣಿಕವಾಗಿ ತಿಳಿಸಿದ್ದಾರೆ ಎಂಬುದರಿಂದ. ತಂಡವನ್ನು ಹೊಸದಾಗಿ ಕೇಳುವವರು ಮೊದಲು ಗೂಸ್ ಲೇಕ್ ಆಲ್ಬಂ ಕೇಳಿ ಆನಂತರ ಮೆಟಾಲಿಕ್ ಕೆ.ಒ.ಗೆ ಹೋಗುವುದು ಸೂಕ್ತ: ನಾಲ್ಕು ವರ್ಷಗಳೂ ತುಂಬದ ಅಂತರದಲ್ಲಿ ತಂಡವೊಂದು ಉತ್ತುಂಗದಿಂದ ವಿನಾಶಕ್ಕೆ ನಡೆದ ದಾರಿ ಈ ಎರಡರ ನಡುವೆ ಸ್ಪಷ್ಟವಾಗುತ್ತದೆ.